ವಾರಗಿತ್ತಿಯ ಜೊತೆ ತಾಳದ ಆಟ

ಇದು ನಡೆದದ್ದು ಹೋದ ವರ್ಷ ದೀಪಾವಳಿಯ ಪಾಡ್ಯದ ದಿನ, ಉಗಾರ ಬುದ್ರುಕದ ನಮ್ಮ ಮನೆಯಲ್ಲಿ.

ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯುವುದರಿಂದ ನಮ್ಮ ಸಂಜೆಗಳು ಬಲು ಉದ್ದ. ಆ ಹೊತ್ತಿನಲ್ಲಿ ನಾನು ಫೋನಿನಲ್ಲಿ ಒಂದು ಆಟ ಆಡುತ್ತಿದ್ದೆ. ಮೇಲಿನಿಂದ ಬಣ್ಣದ ತುಂಡುಗಳು ಬೀಳುತ್ತವೆ, ಅವನ್ನು ತಿರುಗಿಸಿ ಸಾಲು ತುಂಬಬೇಕು. ಆದರೆ ಹಿಂದೆ ಒಂದು ಹಾಡು ಬರುತ್ತಿರುತ್ತದೆ, ಅದರ ತಾಳಕ್ಕೆ ಸರಿಯಾಗಿ ಬೆರಳು ಒತ್ತಬೇಕು. ತಾಳ ತಪ್ಪಿದರೆ ತುಂಡು ಎಲ್ಲೆಂದರಲ್ಲಿ ಬಿದ್ದು ಸಾಲು ಕೆಡುತ್ತದೆ. ಬಸದಿಯಲ್ಲಿ ಭಜನೆ ಹೇಳುವ ನಮ್ಮ ಅತ್ತೆಗೆ ಇದು ಹೇಗೋ ಹಿಡಿಸಿಬಿಟ್ಟಿತ್ತು. ನನ್ನ ಪಕ್ಕದಲ್ಲಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತ, "ಹಾಂ, ಈಗ ಒತ್ತ!" ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವರು ನನಗೆ ಹತ್ತಿರವಾದದ್ದೇ ಈ ಆಟದಿಂದ.

ಆಮೇಲೆ ಮೈದುನನಿಗೆ ಮದುವೆಯಾಗಿ ಸ್ನೇಹಲ್ ಬಂದಳು. ಸಾಂಗಲಿ ಕಡೆಯವಳು, ಅರ್ಧ ಕನ್ನಡ, ಅರ್ಧ ಮರಾಠಿ. ಒಂದು ಸಂಜೆ ಅತ್ತೆ, "ನೀನೂ ಒಂದ ಸಲ ಆಡ ನೋಡು" ಎಂದು ಫೋನನ್ನು ಅವಳ ಕೈಗಿಟ್ಟರು. ನಾನು ತಿಂಗಳುಗಟ್ಟಲೆ ಒದ್ದಾಡಿ ದಾಟಿದ ಹಂತಗಳನ್ನು ಅವಳು ವಾರದಲ್ಲಿ ದಾಟಿದಳು. ನಾನು ಕಣ್ಣು ಕೀಲಿಸಿ ಆಡುವವಳು, ಅವಳು ಹಾಡು ಕೇಳುತ್ತ ಅರೆಗಣ್ಣಿನಲ್ಲೇ ಆಡುತ್ತಿದ್ದಳು. ಅತ್ತೆ ನನ್ನ ಪಕ್ಕ ಬಿಟ್ಟು ಅವಳ ಪಕ್ಕಕ್ಕೆ ಹೋಗಿ ಕೂತರು. "ಇಕಿ ಕೈಯಾಗ ತಾಳ ಐತಿ ನೋಡ, ಪದ್ಮಾ" ಎಂದು ನನಗೇ ಹೇಳಿದರು!

ಹೊಟ್ಟೆ ಉರಿದುಹೋಯಿತು. ಅವಳು ಮಾಡಿದ ಸಾರಿನಲ್ಲಿ ಉಪ್ಪು ಹೆಚ್ಚೆನಿಸಿತು, ಅವಳ ಮರಾಠಿಯೂ ಜಂಬವೆನಿಸಿತು. ಅವಳ ಜೊತೆ ಮಾತು ಬಿಟ್ಟೆ.

ಪಾಡ್ಯಕ್ಕೆ ಅಥಣಿಯಿಂದ ಚಿಕ್ಕ ನಾದಿನಿ ಬಂದಳು. ಊಟವಾದ ಮೇಲೆ ನಮ್ಮಿಬ್ಬರ ಫೋನಿನ ಆಟವನ್ನು ಟಿವಿಗೆ ಜೋಡಿಸಿ, "ಇಬ್ರೂ ವೈನಿ ಆಡ್ರಿ, ಯಾರ ಹೆಚ್ಚ ನೋಡೇ ಬಿಡೂಣು" ಎಂದು ಅತ್ತಿಗೆಯರಿಬ್ಬರನ್ನೂ ಕೂರಿಸಿದಳು. ಮನೆಯವರೆಲ್ಲ ಸುತ್ತ ಕೂತರು. ಸ್ನೇಹಲ್ ಮೊದಲಿನಿಂದಲೂ ಮುಂದಿದ್ದಳು. ಕೊನೆಗೆ ಹಾಡು ಜೋರಾದಾಗ ಅವಳ ತುಂಡುಗಳು ಒಂದರ ಮೇಲೊಂದು ಬಿದ್ದು ಪರದೆಯ ತುದಿ ಮುಟ್ಟಿ ಅವಳ ಆಟ ಮುಗಿಯಿತು. ನಾನು ಗೆದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ನಾನು ಪಕ್ಕದಲ್ಲೇ ಇದ್ದೆನಲ್ಲ, ಅವಳ ಹೆಬ್ಬೆರಳು ಸುಮ್ಮನೆ ನಿಂತದ್ದನ್ನು ನೋಡಿದ್ದೆ.

ಅವಳು ಅಡುಗೆಮನೆಗೆ ಹೋದಾಗ ಹಿಂದೆಯೇ ಹೋದೆ. "ಯಾಕ ಬೇಕಂತ ಸೋತಿ? ನನ್ನ ಮ್ಯಾಲೆ ಕನಿಕರ ಏನ?"

ಅವಳು ತಲೆ ತಗ್ಗಿಸಿದಳು. "ಕನಿಕರ ಅಲ್ರಿ ಅಕ್ಕಾ. ನೀವು ನನ್ನ ಜೋಡಿ ಮಾತ ಬಿಟ್ಟೀರಿ. ನೀವು ಗೆದ್ರ ಮತ್ತ ಮಾತಾಡ್ತೀರಿ ಅನಿಸ್ತು. ದಿನಾಪೂರ್ತಿ ಮನಿಯಾಗ ಇರಾಕಿ ನಾನು, ನೀವೂ ಮಾತಾಡಲಿಲ್ಲ ಅಂದ್ರ ಯಾರ ಜೋಡಿ ಮಾತಾಡ್ಲಿ?"

ನನ್ನ ಸಿಟ್ಟು ಪೂರ್ತಿ ಹೋಗಿರಲಿಲ್ಲ. "ಫೋನ್ ತಗೊಂಡ ಬಾ. ಈ ಸಲ ಬಿಟ್ಟಕೊಟ್ಟಿ ಅಂದ್ರ ನೋಡ ಮತ್ತ" ಎಂದೆ. ಅಡುಗೆಕಟ್ಟೆಗೆ ಒರಗಿ ನಿಂತೇ ಆಡಿದೆವು. ಹೀನಾಯವಾಗಿ ಸೋತೆ. ಅವಳು ಹೆದರಿ ನನ್ನ ಮುಖ ನೋಡಿದಳು. ನನಗೆ ನಗು ಬಂತು, ನಗುತ್ತಲೇ ಕಣ್ಣೂ ಒದ್ದೆಯಾಯಿತು.

ಹೊಟ್ಟೆಕಿಚ್ಚು ಅಂದಿಗೇ ಆರಿತೆಂದರೆ ಸುಳ್ಳಾಗುತ್ತದೆ. ಅತ್ತೆ ಅವಳನ್ನು ಹೊಗಳಿದಾಗ ಇಂದಿಗೂ ಒಳಗೆ ಚುರ್ ಎನ್ನುತ್ತದೆ. ಆದರೆ ಈಗ ಅದನ್ನು ಅವಳಿಗೇ ಹೇಳಿಬಿಡುತ್ತೇನೆ. "ಗೊತ್ತೈತ್ರಿ ಅಕ್ಕಾ, ನಿಮ್ಮ ಮುಖದ ಮ್ಯಾಲೇ ಬರದಿರತೈತಿ" ಎಂದು ಅವಳು ನಗುತ್ತಾಳೆ.