ಹಳದಿ ಕಲ್ಲು

ಮಾವನವರನ್ನು ಊರವರು ಇಂದಿಗೂ ದೇವರಂಥ ಮನುಷ್ಯ ಎನ್ನುತ್ತಾರೆ. ನನಗೆ ಮಾತ್ರ ಹೌದು ಎನ್ನಲು ಬಾಯಿ ಬರುವುದಿಲ್ಲ.

ನಾನು ಅಕ್ಕಲಕೋಟದ ಕಡೆಯವಳು. ಮದುವೆಯಾಗಿ ಬೋರಾಮಣಿಗೆ ಬಂದಾಗ ಸೊಲ್ಲಾಪುರ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಹಿತ್ತಲು ದಾಟಿದರೆ ಹುಲ್ಲಿನ ಮಾಳ. ಗಂಡ ಬೆಳಗಾದರೆ ಕುರಿಗಳ ಹಿಂದೆ ಹೋಗಿಬಿಡುತ್ತಿದ್ದರು, ಅತ್ತೆ ಇರಲಿಲ್ಲ. ನನ್ನ ಮಾತಿಗೆ ಕಿವಿಗೊಡುತ್ತಿದ್ದವರು ಮಾವನವರೊಬ್ಬರೇ. ಅವರು ಕುರುಬರ ದೇವರು ಬಿರೋಬಾನ ಪೂಜಾರಿ. ದಿನಾ ಸಂಜೆ ಸೊಂಟದ ಚೀಲ ಬಿಚ್ಚಿ, ದೇವರ ಅರಿಶಿನವಾದ ಭಂಡಾರವನ್ನು ಮೊದಲು ನನ್ನ ಹಣೆಗೆ ಹಚ್ಚಿ ಆಮೇಲೆ ಮಗನಿಗೆ ಹಚ್ಚುತ್ತಿದ್ದರು. ಅಷ್ಟಕ್ಕೇ ನಾನು ಉಬ್ಬಿಹೋಗಿದ್ದೆ.

ಒಂದು ಮಳೆಗಾಲ ಹಿತ್ತಲಾಚೆ ಸೆಗಣಿ ಆರಿಸುತ್ತಿದ್ದಾಗ ಕಾಲಬುಡದಿಂದಲೇ ಒಂದು ಹಕ್ಕಿ ಎದ್ದಿತು. ಅಂಥಿಂಥ ಹಕ್ಕಿಯಲ್ಲ, ನನ್ನ ಸೊಂಟದೆತ್ತರದ್ದು. ಕರಿ ನೆತ್ತಿ, ಉದ್ದನೆಯ ಬೆಳ್ಳಗಿನ ಕುತ್ತಿಗೆ. ಮಾಳಢೋಕ! ದೂರ ಹಾರಿಹೋಗದೆ, ಕಾಲು ಜೋತುಬಿಟ್ಟುಕೊಂಡು ನನ್ನ ಮುಂದೆಯೇ ತೂರಾಡಿತು. ಪೆಟ್ಟಾಗಿದೆಯೆಂದು ಹಿಂದೆ ಹೋದೆ. ಸಾಕಷ್ಟು ದೂರ ಕರೆದೊಯ್ದ ಮೇಲೆ ನೆಟ್ಟಗೆ ಹಾರಿತು. ತಿರುಗಿ ಬಂದು ನೋಡಿದರೆ ಬರಿ ನೆಲದ ಮೇಲೆ ಒಂದೇ ಒಂದು ಮೊಟ್ಟೆ. ಎಂಥ ಸೋಗಲಾಡಿ ಎಂದು ನಗು ಬಂತು.

ಆಮೇಲೆ ದಿನಾ ಹೋಗಿ ದೂರದಲ್ಲಿ ಕೂರುತ್ತಿದ್ದೆ. ಅದೂ ಏಳದೆ ಕೂತೇ ಇರುತ್ತಿತ್ತು. ನನ್ನ ಭಯವೆಲ್ಲ ಕುರಿ ಹಿಂಡುಗಳದು. ಒಂದು ಹಿಂಡು ಹಾದರೆ ಮುಗಿಯಿತು. ನಮ್ಮಲ್ಲಿ ದೇವರಿಗೆ ಬಿಟ್ಟ ಕುರಿಗೆ ಭಂಡಾರ ಹಚ್ಚಿದರೆ ಯಾರೂ ಅದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ. ಅದು ನೆನಪಾಗಿ ಮಾವನವರ ಹತ್ತಿರ ಹೋದೆ.

“ಮಾವಾರ, ಆ ಹಕ್ಕಿಗೂ ಭಂಡಾರ ಹಚ್ರಿ,” ಎಂದೆ.

ನಗುತ್ತಲೇ ಬಂದರು. ಮೊಟ್ಟೆಯಿಂದ ನಾಲ್ಕು ಹೆಜ್ಜೆ ಈಚೆಗೆ ಕಲ್ಲೊಂದನ್ನು ನೆಟ್ಟು, ಮೈತುಂಬ ಹಳದಿ ಬಳಿದರು.

“ಇನ್ನ ಇದು ಬಿರೋಬಾಂದು ನೋಡವಾ. ಯಾರೂ ಇತ್ತಾಗ ಹಾಯಂಗಿಲ್ಲ.”

ನಿಜಕ್ಕೂ ಯಾರೂ ಹಾಯಲಿಲ್ಲ. ಕುರುಬರು ಕಲ್ಲನ್ನು ಕಂಡೊಡನೆ ಹಿಂಡು ತಿರುಗಿಸುತ್ತಿದ್ದರು. ಮಳೆ ತೊಳೆದಾಗಲೆಲ್ಲ ನಾನು ಮಾವನವರ ಬೆನ್ನು ಬಿದ್ದು ಮತ್ತೆ ಬಳಿಸುತ್ತಿದ್ದೆ.

ಒಂದು ಮಧ್ಯಾಹ್ನ ನಮ್ಮ ಉಣ್ಣೆ ಕೊಳ್ಳುವ ಸೊಲ್ಲಾಪುರದ ಸಾವಕಾರರು ಜೀಪಿನಲ್ಲಿ ಬಂದರು. ಜೊತೆಗೊಬ್ಬ ಅತಿಥಿ, ಅವನ ಕೈಯಲ್ಲಿ ಬಂದೂಕು. ಮಾಳಢೋಕ ಎಲ್ಲಿ ಸಿಗುತ್ತದೆ ಎಂದು ಅತಿಥಿ ಕೇಳಿದ. ಒಳಗೆ ಚಹಾ ಸೋಸುತ್ತಿದ್ದ ನನಗೆ ಒಂದಿಷ್ಟೂ ದಿಗಿಲಾಗಲಿಲ್ಲ. ಮಾವನವರು ಸರಿಯಾಗಿ ಬುದ್ಧಿ ಹೇಳುತ್ತಾರೆ, ಕೇಳಲಿ ಎಂದುಕೊಂಡೆ.

ಮಾವನವರು ತಲೆಗೆ ಪಟಕಾ ಸುತ್ತಿಕೊಂಡು ಎದ್ದರು.

“ಬರ್ರಿ ಸಾವಕಾರ್ರ, ಹಳದಿ ಕಲ್ಲ ಐತಿ. ದೂರಿಂದನ ಕಾಣತೈತಿ.”

ಜೀಪಿನ ಮುಂದಿನ ಸೀಟಿನಲ್ಲಿ ಕೂತು ಹೋದರು. ನಾನು ಹಿತ್ತಲಿಗೆ ಓಡಿ ಬರುವಷ್ಟರಲ್ಲಿ ಒಂದು ಈಡು ಕೇಳಿಸಿತು.

ಅವರು ಹಕ್ಕಿಯನ್ನು ಹೊತ್ತುಕೊಂಡು ಹೋದ ಮೇಲೆ ನೋಡಿದೆ. ಮೊಟ್ಟೆ ಇನ್ನೂ ಬೆಚ್ಚಗಿತ್ತು. ಮಡಿಲಲ್ಲಿ ತಂದು ನಮ್ಮ ಕಾವಿನ ಕೋಳಿಯ ಕೆಳಗಿಟ್ಟೆ. ಅದು ಒಡೆಯಲೇ ಇಲ್ಲ.

“ದೇವರದು ಅಂದಿದ್ರಲ್ರಿ?” ಎಂದು ಮಾವನವರನ್ನು ಕೇಳಿದೆ. ಅಷ್ಟು ಗಟ್ಟಿಯಾಗಿ ಅವರೆದುರು ನಾನು ಎಂದೂ ಮಾತಾಡಿರಲಿಲ್ಲ.

“ದೊಡ್ಡ ಮಂದಿ ಮನಿತನಕಾ ಬಂದಾಗ ಇಲ್ಲ ಅನ್ನಾಕ ಬರತೈತೇನವಾ? ಈಡ ಹಾರಸೂಕಿಂತ ಮೊದಲ ಕಲ್ಲಿನ ಭಂಡಾರ ಒರಸೀನಿ. ದೇವರೇನ ಸಿಟ್ಟಾಗಂಗಿಲ್ಲ.”

ಪಟಕಾದ ತುದಿ ಹಳದಿಯಾಗಿತ್ತು. ಗುರುತು ಇಡಿಸಿದವಳು ನಾನೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಹಕ್ಕಿ ಹುಲ್ಲಿನಲ್ಲಿ ಹುಲ್ಲಾಗಿ ಕೂತಿರುತ್ತಿತ್ತು.

ಸಂಜೆ ಎಂದಿನಂತೆ ಚೀಲ ಬಿಚ್ಚಿ ಮೊದಲು ನನ್ನ ಹತ್ತಿರವೇ ಬಂದರು. ಮನೆಯ ಸೊಸೆ, ಹಣೆ ಒಡ್ಡಿದೆ. ಅವರು ಅತ್ತ ತಿರುಗಿದ ಮೇಲೆ ಸೆರಗಿನಿಂದ ಒರೆಸಿಕೊಂಡೆ. ಅವರು ಬದುಕಿರುವತನಕ ದಿನಾ ಹಾಗೇ ಒರೆಸಿಕೊಂಡೆ.