ಬಚ್ಚಲ ಒಲೆಗೆ ಹೋದ ಅಮಟೆ

ಅಮಟೆಯ ಎಲೆ ಉದುರಿದ ಜಾಗದಲ್ಲಿ, ರೆಂಬೆಯ ಮೇಲೆ, ಕಿರುಬೆರಳ ಉಗುರಿನಷ್ಟು ಅಗಲದ ಕಲೆ ಉಳಿಯುತ್ತದೆ. ತೊಗಟೆಯನ್ನು ಕೆರೆದರೆ ಹಸಿ ಮಾವಿನಕಾಯಿಯ ವಾಸನೆ. ಇಷ್ಟು ಗೊತ್ತಿದ್ದರೆ ಚಳಿಗಾಲದಲ್ಲಿ ಬೋಳಾಗಿ ನಿಂತ ಮರಗಳ ನಡುವೆಯೂ ಅಮಟೆಯನ್ನು ಗುರುತಿಸಬಹುದು. ನನಗೆ ಗೊತ್ತಿತ್ತು. ಆದರೂ ಅತ್ತಿಗೆ ನೆಡಲೆಂದು ತವರಿನಿಂದ ತಂದ ಅಮಟೆಯ ಗೂಟವನ್ನು ಸೌದೆಯೆಂದುಕೊಂಡು ಬಚ್ಚಲ ಒಲೆಗೆ ಹಾಕಿದವಳು ನಾನು. ಅಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಅಲ್ಲ. ಬೇರೆ ಗೂಟ ತಂದು ಅದೇ ಜಾಗದಲ್ಲಿ ಒರಗಿಸಿ, ಐದು ವರ್ಷ ಸುಮ್ಮನಿದ್ದೆ.

ಅಣ್ಣನ ಮದುವೆಯಾದ ಮೊದಲ ಚಳಿಗಾಲ ಅದು. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೊಟ್ಟಿಗೆಹಾರದ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಅತ್ತಿಗೆಯ ತವರು ಸಂಸೆ. ಅಲ್ಲಿಂದ ಅಣ್ಣ, ಅತ್ತಿಗೆ, ನಾನು ಮೂವರೂ ಬಸ್ಸಿನಲ್ಲಿ ಬರುವಾಗ, ಎಂದೂ ಹೆಚ್ಚು ಮಾತಾಡದ ನಾನು ಕಿಟಕಿಯಾಚೆಯ ಬೋಳು ಮರಗಳ ಹೆಸರು ಹೇಳುತ್ತಲೇ ಇದ್ದೆ. ಮೊಸಳೆ ಚರ್ಮದಂಥ ತೊಗಟೆಯದು ಮತ್ತಿ, ನಯವಾಗಿ ಬೆಳ್ಳಗಿರುವುದು ನಂದಿ, ಮೈತುಂಬ ಮುಳ್ಳಿರುವುದು ಬೂರುಗ. ಅತ್ತಿಗೆ ಕಣ್ಣರಳಿಸಿ ಕೇಳುತ್ತಿದ್ದರು. ಅವರ ಕಾಲ ಬಳಿ ಗೋಣಿಯಲ್ಲಿ ಸುತ್ತಿದ ಗೂಟವೊಂದಿತ್ತು. ಅದೇನೆಂದು ಕೇಳುವಷ್ಟು ಬಿಡುವು ನನಗಿರಲಿಲ್ಲ.

ಕಡಿದ ತುದಿ ಒಣಗಿದ ಮೇಲೆ ನೆಡೋಣವೆಂದು ಅವರು ಅದನ್ನು ಬಚ್ಚಲ ಗೋಡೆಗೆ ಒರಗಿಸಿದ್ದರು. ಪಕ್ಕದಲ್ಲೇ ಸೌದೆ. ಮರುದಿನ ಚಳಿಗೆ ಮುದುಡಿಕೊಂಡು ಬಂದ ನಾನು, ಕೈಗೆ ಸಿಕ್ಕಿದ್ದನ್ನು ಹಂಡೆಯ ಕೆಳಗೆ ತುರುಕಿದೆ. ಗೂಟದ ತುದಿಯಿಂದ ನೊರೆ ಬಂತು, ಹಿಂದೆಯೇ ಮಾವಿನಕಾಯಿಯ ವಾಸನೆ. ಎಳೆದೆ. ಬೆಂದು ಹೋಗಿತ್ತು.

ಆಗಲೇ ಹೇಳಬಹುದಿತ್ತು. ಅಣ್ಣ ಒಂದು ವಾರ ನನ್ನ ಡಿಗ್ರಿಯನ್ನು ಗೇಲಿ ಮಾಡುತ್ತಿದ್ದ, ಅಷ್ಟೇ. ಆ ಗೇಲಿಗೆ ಹೆದರಿದೆ — ಅಷ್ಟು ಸಣ್ಣದಕ್ಕೆ! ತೋಟದಾಚೆಯ ಹಳ್ಳದ ದಂಡೆಯಲ್ಲಿ ಒಂದು ಕಾಡು ಅಮಟೆ ಇತ್ತು. ಅಷ್ಟೇ ಉದ್ದ, ಅಷ್ಟೇ ದಪ್ಪದ ರೆಂಬೆ ಹುಡುಕಿ ಕಡಿದು ತಂದೆ. ಓದಿದ್ದನ್ನು ಅಷ್ಟು ಎಚ್ಚರದಿಂದ ನಾನು ಪರೀಕ್ಷೆಯಲ್ಲೂ ಬಳಸಿರಲಿಲ್ಲ. ಅತ್ತಿಗೆ ಅದನ್ನು ಹಿತ್ತಿಲಲ್ಲಿ ನೆಟ್ಟಾಗ ಬುಡಕ್ಕೆ ಮಣ್ಣು ಒತ್ತಿದವಳೂ ನಾನೇ.

ಗೂಟ ಚಿಗುರಿತು, ಮರವಾಯಿತು. ನಾನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಪ್ರತಿ ಚಳಿಗಾಲ ರಜೆಯಲ್ಲಿ ಬಂದಾಗ ಅತ್ತಿಗೆ ಮತ್ತು ನಾನು ಬೋಳು ಮರ ನೋಡಲು ಹೊರಡುತ್ತಿದ್ದೆವು. ಅವರು ಕಣ್ಣು ಮುಚ್ಚಿ ತೊಗಟೆ ಸವರಿ ಹೆಸರು ಹೇಳುವರು. ತಪ್ಪಾದರೆ ನನಗಿಂತ ಮೊದಲು ಅವರೇ ನಗುವರು. ನನಗೆ ಅವರಷ್ಟು ಹತ್ತಿರದ ಗೆಳತಿ ಬೇರೆ ಯಾರೂ ಆಗಲಿಲ್ಲ. ಆ ಸಂತೋಷ ಸುಳ್ಳಲ್ಲ. ಅದರ ಕೆಳಗೆ ನಾನು ಇಟ್ಟದ್ದು ಮಾತ್ರ —

ಮೊದಲ ಕಾಯಿ ಬಂದಾಗ ಅತ್ತಿಗೆ ಗೊಜ್ಜು ಮಾಡಿದರು. "ನಮ್ಮ ಸಂಸೆ ಅಮಟೆ ಅಂದ್ರೆ ಹೀಗೆ. ಬಲಿತ್ರೂ ನಾರಿಲ್ಲ."

ಅಣ್ಣ ಬಾಯಿಂದ ಎಳೆ ಎಳೆಯಾಗಿ ಏನನ್ನೋ ಎಳೆಯುತ್ತಿದ್ದ. "ಹಾಗಾದ್ರೆ ಇದೇನು ಮಾರಾಯ್ತಿ, ಹಗ್ಗವಾ?"

"ನಿಮ್ಮ ಹಲ್ಲು ಸರಿ ಇಲ್ಲ, ಸುಮ್ನೆ ತಿನ್ರಿ."

ಇಬ್ಬರೂ ತೀರ್ಪಿಗಾಗಿ ನನ್ನತ್ತ ತಿರುಗಿದರು. "ಮಣ್ಣು ಬದಲಾದ್ರೆ ಸ್ವಲ್ಪ ನಾರು ಬರುತ್ತೆ" ಎಂದೆ. ನಾರು ತಳಿಯ ಗುಣ; ವಿದ್ಯಾರ್ಥಿಗಳ ಮುಂದೆ ಎಂದೂ ಆಡದ ಮಾತು ಅದು. ಒಲೆಗೆ ಹಾಕಿದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆ ಒಂದು ವಾಕ್ಯದ್ದು.

ಕಳೆದ ಮಳೆಗಾಲದ ಗಾಳಿಗೆ ಸಂಸೆಯ ಹಳೆಯ ಮರ ಬುಡಸಮೇತ ಬಿತ್ತು. ಅತ್ತಿಗೆಯ ಅಮ್ಮ ಫೋನಿನಲ್ಲಿ ಅತ್ತರು. ಅತ್ತಿಗೆ ಸಮಾಧಾನ ಹೇಳಿದ್ದು ಹೀಗೆ: "ಯಾಕಮ್ಮ ಅಳ್ತೀಯ? ಅದರ ಮರಿ ನಮ್ಮ ಹಿತ್ತಿಲಲ್ಲಿ ಇದೆಯಲ್ಲ. ಎಲೆ ಉದುರಲಿ, ಗೂಟ ಕಡಿದು ನಾನೇ ತಂದು ನೆಡ್ತೀನಿ."

ಎಲೆ ಉದುರಿತು. ಈ ಚಳಿಗಾಲ ನಾನು ಮನೆಗೆ ಬಂದ ಮಧ್ಯಾಹ್ನವೇ ಅತ್ತಿಗೆ ಕತ್ತಿ ಹಿಡಿದು ಮರದ ಕೆಳಗೆ ನಿಂತರು. "ರೆಂಬೆ ಬಗ್ಗಿಸು" ಎಂದರು. ಬಗ್ಗಿಸಿದೆ. ನನ್ನ ಸುಳ್ಳು ಇನ್ನು ಅವರ ಅಮ್ಮನ ಅಂಗಳಕ್ಕೂ ಹೋಗಿ ಬೇರು ಬಿಡುತ್ತದೆ. ಕೈ ಬಿಟ್ಟೆ.

"ಅತ್ತಿಗೆ, ಇದು ನಿಮ್ಮ ಸಂಸೆ ಮರ ಅಲ್ಲ. ನಿಮ್ಮ ಗೂಟವನ್ನ ನಾನು ಬಚ್ಚಲ ಒಲೆಗೆ ಹಾಕಿದ್ದೆ. ಇದು ಹಳ್ಳದ ಹತ್ರದ್ದು."

ಅವರು ನನ್ನನ್ನು ನೋಡಿದರು, ಮರವನ್ನು ನೋಡಿದರು. "ಹಾಗಾದ್ರೆ ನಾರು?"

"ಈ ಮರದ್ದೇ."

"ಅಯ್ಯೋ! ಪಾಪ, ಅವರ ಹಲ್ಲಿಗೆ ಎಷ್ಟು ಬೈದೆನಲ್ಲೇ ಮಾರಾಯ್ತಿ!" ಎಂದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಕತ್ತಿಯನ್ನು ಕೆಳಗಿಟ್ಟರು. "ಅಮ್ಮನಿಗೆ ಏನು ಹೇಳಲಿ ಈಗ?"

ಸಂಜೆ ಅವರು ದೀಪ ಹಚ್ಚುವಾಗ ಹತ್ತಿರ ಹೋಗಿ ನಿಂತೆ. ಮಾತಾಡಿಸಲು ನನಗೆ ಹಕ್ಕಿರಲಿಲ್ಲ. ಆದರೂ ಒಂದನ್ನು ಕೇಳಿದೆ — ಸಂಸೆಯ ಆ ಹಳೆಯ ಮರದ ರೆಂಬೆಯನ್ನು ಬೇರೆ ಯಾವುದಕ್ಕಾದರೂ ಕಡಿದಿದ್ದುಂಟೇ?

"ಅಪ್ಪ ಇದ್ದಾಗ ಬೇಲಿ ಗೂಟಕ್ಕೆ ಕಡೀತಿದ್ರು. ಎಲ್ಲ ಮರದ್ದೂ ಕಡೀತಿದ್ರು. ಈಗ ಎಲ್ಲ ಬೋಳು, ಯಾವುದು ಯಾವುದು ಅಂತ ಯಾರಿಗೆ..." ಎಂದವರು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಮೊದಲ ಬಸ್ಸು ಹಿಡಿದೆವು. ಈ ಸಲ ನಾನು ಯಾವ ಮರದ ಹೆಸರನ್ನೂ ಹೇಳಲಿಲ್ಲ. ಕಳಸ ದಾಟಿದ ಮೇಲೆ ಅತ್ತಿಗೆಯೇ ಮೊಣಕೈಯಿಂದ ತಿವಿದು, "ಅದು ನಂದಿ ತಾನೇ?" ಎಂದರು. ಹೌದೆಂದು ತಲೆಯಾಡಿಸಿದೆ.

ಬಾಗಿಲಲ್ಲೇ ಅತ್ತಿಗೆ ಕೂಗಿದರು: "ಅಮ್ಮಾ, ನಿನ್ನ ಮರದ ಗೂಟ ಸುಟ್ಟು ಸ್ನಾನ ಮಾಡಿದವಳು ಇವಳೇ. ಬೈಯೋದಾದ್ರೆ ಕಾಫಿ ಕೊಟ್ಟು ಬೈ." ಉಳಿದದ್ದನ್ನು, ಆ ನಾರಿನ ಮಾತನ್ನೂ ಸೇರಿಸಿ, ನಾನೇ ಹೇಳಿದೆ. ಆ ತಾಯಿ ಬೈಯಲಿಲ್ಲ. ಕಾಫಿ ಕೊಟ್ಟು, ಬೇಲಿಯತ್ತ ಕೈ ತೋರಿಸಿದರು.

ಬೇಲಿಯುದ್ದಕ್ಕೂ ಬೇರೂರಿದ, ವರ್ಷವೂ ಸವರುವುದರಿಂದ ಕಾಯಿ ಬಿಡದ ಗೂಟಗಳು, ಒಂದರಲ್ಲೂ ಎಲೆಯಿಲ್ಲ. ನೋಡಿ ಊಹಿಸಬೇಡಿ, ಮುಟ್ಟಿ ಎಂದು ವಿದ್ಯಾರ್ಥಿಗಳಿಗೆ ಹೇಳುವ ನಾನು ಒಂದೊಂದನ್ನೂ ಮುಟ್ಟುತ್ತ ನಡೆದೆ. ಹಾಲುವಾಣ, ಅದರ ಮುಳ್ಳು ಚುಚ್ಚಿತು. ಮತ್ತೆ ಹಾಲುವಾಣ. ಒಂದು ಸತ್ತ ಗೂಟ. ಬೇಲಿ ತಿರುಗುವ ಮೂಲೆಯಲ್ಲಿ ಒಂದರ ರೆಂಬೆಯ ಮೇಲೆ ಅಗಲವಾದ ಕಲೆ ಕಂಡಿತು. ಆ ಮನೆಯ ಸುತ್ತಮುತ್ತ ಅಮಟೆ ಎಂದು ಇದ್ದದ್ದು ಗಾಳಿಗೆ ಬಿದ್ದ ಆ ಮರವೊಂದೇ; ಈ ಗೂಟ ಅದರದ್ದೇ ಇರಬೇಕು. ಆದರೂ ನಾರಿನ ವಿಷಯ ಕಾಯಿ ಬಿಟ್ಟ ಮೇಲೇ ತಿಳಿಯಬೇಕು ಎಂದು ಇಬ್ಬರಿಗೂ ಮೊದಲೇ ಹೇಳಿದ್ದೆ. ಉಗುರಿನಿಂದ ಕೆರೆದೆ. ಒಳಗೆ ಹಸಿರಿತ್ತು.

ಹೆಸರು ಹೇಳಲಿಲ್ಲ. ರೆಂಬೆಯನ್ನು ಬಗ್ಗಿಸಿ ಅತ್ತಿಗೆಯ ಮೂಗಿನ ಬಳಿ ಹಿಡಿದೆ.