ಆರನೇ ಹಾಡಿನ ರಾಗ

ನನಗೆ ಸಂಗೀತ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೋದ ತಿಂಗಳು ಎಂಟು ದಿನ ನಾನು ಸಂಗೀತ ನಿರ್ದೇಶಕನಾಗಿದ್ದೆ.

ಕೊಟ್ಟೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹತ್ತನೆಯ ತರಗತಿವರೆಗೆ ಓದಿದ್ದೇನೆ. ಶಾಲೆಯ ಸಮವಸ್ತ್ರ ಹೊಲಿಯುವುದು, ಬೆಳೆದ ಮಕ್ಕಳ ಲಂಗದ ಅಂಚು ಬಿಚ್ಚಿ ಉದ್ದ ಮಾಡುವುದು ನನ್ನ ಕೆಲಸ. ಸಂಗೀತ ನನ್ನ ಹೆಂಡತಿಯ ಕೆಲಸ. ಅವಳು ಇಲ್ಲಿನ ಹೈಸ್ಕೂಲಿನಲ್ಲಿ ಬಹಳ ವರ್ಷ ಸಂಗೀತದ ಟೀಚರ್ ಆಗಿದ್ದಳು. ಈ ಶ್ರಾವಣದಲ್ಲಿ, ಮೂರು ವಾರದ ಕಾಯಿಲೆಯಲ್ಲಿ, ತೀರಿಕೊಂಡಳು.

ಹೆಡ್‌ಮಾಸ್ಟರು ಮೈಕಿನಲ್ಲಿ ‘ನಮ್ಮ ಶಾಲೆಯ ಸಂಗೀತ ವಿಭಾಗ’ ಎನ್ನುತ್ತಿದ್ದರು. ವಿಭಾಗ ಎಂದರೆ ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಇಪ್ಪತ್ತು ಮಕ್ಕಳು, ಅವಳು. ಕಾರ್ಯಕ್ರಮದ ದಿನಗಳಲ್ಲಿ ನಾನೂ ಅದರ ಸಾಗಣೆ ಶಾಖೆ. ಕೂಡ್ಲಿಗಿಯ ಸ್ಪರ್ಧೆ, ಹಗರಿಬೊಮ್ಮನಹಳ್ಳಿಯ ಸಮಾರಂಭ, ಎಲ್ಲಿಗೆ ಹೋದರೂ ಗೋಣಿಚೀಲದಲ್ಲಿ ಸುತ್ತಿದ ಹಾರ್ಮೋನಿಯಂ ನನ್ನ ತೊಡೆಯ ಮೇಲೆ. ಬಸ್ಸು ಹಂಪ್ ಹಾರಿದಾಗಲೆಲ್ಲ ಅದು ಚೀಲದೊಳಗಿಂದ ಮುಲುಗುತ್ತಿತ್ತು.

“ಯಜಮಾನ್ರ, ಚೀಲದಾಗ ಏನೈತ್ರಿ? ಜೀವ ಐತೇನು?” ಎಂದು ಒಮ್ಮೆ ಕಂಡಕ್ಟರ್ ಕೇಳಿದ.

“ಪೆಟಿಗಿ ಐತ್ರಿ. ಬಾರಿಸೋದು.”

“ನೀವು ಬಾರಸ್ತೀರಿ?”

“ಇಲ್ರಿ. ಹೊರ್ತೀನಿ.”

ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಹರಪನಹಳ್ಳಿ ಬರುವವರೆಗೂ ನಕ್ಕರು. ಅವಳು ನಗಲಿಲ್ಲ, ಆದರೆ ಕಿಟಕಿಯ ಕಡೆ ತಿರುಗಿ ಕೂತಳು, ಭುಜ ಅಲ್ಲಾಡುತ್ತಿತ್ತು.

ಸಭೆಯಲ್ಲಿ ಹೇಗೆ ಕೂರಬೇಕೆಂದು ಅವಳೇ ಹೇಳಿಕೊಟ್ಟಿದ್ದಳು. “ನಾನು ತಲಿ ಅಲ್ಲಾಡಿಸಿದಾಗ ನೀವೂ ಅಲ್ಲಾಡಸ್ರಿ. ನಡುವ ನಿಮ್ಮಷ್ಟಕ್ಕ ನೀವು ಅಲ್ಲಾಡಸಬ್ಯಾಡ್ರಿ.” ನಾನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಹಡಗಲಿಯಲ್ಲಿ ಸಂಘಟಕರು ನನ್ನನ್ನು ತೀರ್ಪುಗಾರನೆಂದು ತಿಳಿದು ಮಲ್ಲಿಗೆ ಹಾರ ಹಾಕಿದರು. ನಿಜವಾದ ತೀರ್ಪುಗಾರರು ಬರುವಷ್ಟರಲ್ಲಿ ನಾನು ಅವರ ಪಾಲಿನ ಮಿರ್ಚಿ ಬಜ್ಜಿಯನ್ನೂ ತಿಂದು ಮುಗಿಸಿದ್ದೆ. ನಮ್ಮ ಶಾಲೆಗೆ ಆ ಸಲ ಮೂರನೆಯ ಬಹುಮಾನ ಬಂತು. ತೀರ್ಪುಗಾರರಿಗೆ ಹೊಟ್ಟೆ ಹಸಿದಿದ್ದರಿಂದಲೇ ಹೀಗಾಯಿತೆಂದು ಅವಳು ಬಹಳ ದಿನ ಅನ್ನುತ್ತಿದ್ದಳು.

ಕೊನೆಯ ವರ್ಷ ಅವಳು ಒಂದು ಹಾಡಿನ ನಾಟಕ ಬರೆಯಲು ಕೂತಳು. ಮಾತೂ ಅವಳದೇ, ರಾಗವೂ ಅವಳದೇ. ಕೂಡ್ಲಿಗಿ ಕಡೆಯ ಗುಡ್ಡದಿಂದ ಒಂದು ಕರಡಿ ಇಳಿದು ಊರಿನ ಮೆಕ್ಕೆಜೋಳದ ಕಣಕ್ಕೆ ಬರುತ್ತದೆ. ದೊಡ್ಡವರು ಓಡಿಸಲು ನೋಡುತ್ತಾರೆ, ಮಕ್ಕಳು ಅದನ್ನು ಬಚ್ಚಿಡುತ್ತಾರೆ, ಕಡೆಗೆ ಕರಡಿ ತಾನಾಗಿಯೇ ವಾಪಸ್ ಹೊರಡುತ್ತದೆ. ಆರು ಹಾಡು. ಸಂಜೆ ಅಡುಗೆ ಮಾಡುತ್ತ ಹಾಡು ಕಟ್ಟುವಳು, ನಾನು ಫೋನು ಹಿಡಿದು ರೆಕಾರ್ಡ್ ಮಾಡುವವನು. ಐದು ಹಾಡು ಹಾಗೆ ಫೋನಿಗೆ ಬಂದವು. ಆರನೆಯದು ಕರಡಿ ಹೊರಡುವ ಹಾಡು. ಅದರ ಮಾತು ನೋಟುಬುಕ್ಕಿನಲ್ಲಿತ್ತು, ರಾಗ ಹಾಕುವ ಮುಂಚೆ ಅವಳು ಹಾಸಿಗೆ ಹಿಡಿದಳು.

ದಸರಾ ರಜೆ ಮುಗಿದ ಮೇಲೆ ಶಾಲೆಗೆ ಹೊಸ ಟೀಚರ್ ಬಂದರು. ಹಡಗಲಿಯವರು, ಇನ್ನೂ ಚಿಕ್ಕ ವಯಸ್ಸು. ವಾರ್ಷಿಕೋತ್ಸವಕ್ಕೆ ಕರಡಿ ನಾಟಕವನ್ನೇ ಮಾಡಿಸುವುದೆಂದು ಅವರೂ ಹೆಡ್‌ಮಾಸ್ಟರೂ ಸೇರಿ ನಿಶ್ಚಯಿಸಿ, ವೇಷ ಹೊಲಿಯಲು ನನ್ನನ್ನು ಕರೆದರು. ನಾನು ಕರಿ ಕಂಬಳಿಯ ಜೊತೆಗೆ ಐದು ರೆಕಾರ್ಡಿಂಗನ್ನೂ ನೋಟುಬುಕ್ಕಿನ ಪ್ರತಿಯನ್ನೂ ಕೊಟ್ಟೆ. ಟೀಚರ್ ರೆಕಾರ್ಡಿಂಗುಗಳನ್ನು ಮಕ್ಕಳ ಮನೆಯ ಫೋನುಗಳಿಗೆ ಕಳಿಸಿ, ಕೇಳಿ ಕಲಿತು ಬರ್ರಿ ಎಂದರು.

ಮಕ್ಕಳು ಕಲಿತು ಬಂದರು. ಪೂರ್ತಿ ಕಲಿತು ಬಂದರು. ನಾನು ವೇಷದ ಅಳತೆ ತೆಗೆಯಲು ಹೋದ ದಿನ, ಮೂರನೆಯ ಹಾಡಿನ ನಡುವೆ, ಕರಡಿಯನ್ನು ಬಣವೆಯಲ್ಲಿ ಬಚ್ಚಿಡುವ ಸಾಲು ಮುಗಿದದ್ದೇ ತಡ, ಇಪ್ಪತ್ತೂ ಮಕ್ಕಳು ಒಂದೇ ದನಿಯಲ್ಲಿ “ರೀ, ಹಾಲು ನೋಡ್ರಿ, ಉಕ್ತೈತಿ” ಎಂದು ಹಾಡಿ, ಮುಂದಿನ ಸಾಲಿಗೆ ಹೋದರು.

ಟೀಚರ್ ಹಾರ್ಮೋನಿಯಂ ನಿಲ್ಲಿಸಿದರು. “ಹಾಲು ಎಲ್ಲಿಂದ ಬಂತು?”

“ಹಳೇ ಟೀಚರ್ ಹಂಗ ಹಾಡ್ಯಾರ್ರೀ,” ಎಂದಳು ಕರಡಿಯ ಪಾತ್ರದ ಹುಡುಗಿ. ಚಿಗಟೇರಿ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ, ಬಾಯಿ ಸ್ವಲ್ಪ ಜೋರು. “ಬೇಕಾದ್ರ ಕೇಳ್ರಿ. ಕೊನಿಗೆ ಅಂಕಲ್ ‘ಹ್ಞೂಂ’ ಅಂತಾರ. ಅದನ್ನ ಯಾರು ಅನಬೇಕು ಅಂತ ಗೊತ್ತಾಗಲಿಲ್ಲ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಳತೆ ಟೇಪನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಆ ದಿನ ಹಾಲು ಉಕ್ಕಿಯೇ ಹೋಗಿತ್ತು. ನಾನು ಹ್ಞೂಂ ಅಂದಿದ್ದೆನೇ ಹೊರತು ಎದ್ದಿರಲಿಲ್ಲ. ಟೀಚರ್ ಆ ಸಾಲನ್ನು ತೆಗೆಸಿದರು. ನ್ಯಾಯವೇ. ಆದರೆ ನನಗೆ ಏನೋ ಕಿತ್ತುಕೊಂಡಂತಾಯಿತು. ಅದೇ ಸಿಟ್ಟಿನಲ್ಲಿದ್ದಾಗ ಅವರು ಆರನೆಯ ಹಾಡಿನ ವಿಷಯ ಎತ್ತಿದರು.

“ಇದಕ್ಕ ರಾಗ ಇಲ್ಲಂತ. ನಾನು ಹಾಕ್ಲೇನ್ರಿ?”

“ಐತಿ,” ಎಂದೆ. “ರಾಗ ಐತಿ. ನನಗ ಗೊತ್ತೈತಿ. ರೆಕಾರ್ಡ್ ಮಾಡಿಲ್ಲ ಅಷ್ಟ. ನನ್ನ ಮುಂದ ಹಾಡಿದ್ಲು.”

ಸುಳ್ಳು. ಆದರೆ ಅವಳ ನಾಟಕದಲ್ಲಿ ಕೊನೆಗೆ ಇನ್ನೊಬ್ಬರ ದನಿ ಬಂದು, ಜನ ಆ ದನಿಯನ್ನೇ ನೆನಪಿಟ್ಟುಕೊಂಡು ಮನೆಗೆ ಹೋಗುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಅವಳದು ಅಂತ ಉಳಿದದ್ದು ಇದೊಂದೇ ಎಂದುಕೊಂಡಿದ್ದೆ. ಅಷ್ಟಕ್ಕೇ ಬಿಡದೆ ಹೆಡ್‌ಮಾಸ್ಟರ ಕೋಣೆಗೂ ಹೋಗಿ, ಆಮಂತ್ರಣದಲ್ಲಿ ಸಂಗೀತ ಎಂದು ಅವಳ ಹೆಸರು ಮಾತ್ರ ಹಾಕಬೇಕೆಂದು ಹೇಳಿ ಬಂದೆ.

ಆ ಹಾಡಿನ ಮೊದಲ ಎರಡು ಸಾಲು ಹೀಗಿದ್ದವು:

ಹೋಗಿ ಬರ್ತೀನಿ ಅನ್ನಂಗಿಲ್ಲ, ಹೋಗ್ತೀನಿ ಅಂತೀನಿ,
ನನ್ನ ದಾರಿ ನೋಡಬ್ಯಾಡ್ರಿ, ನಿಮ್ಮ ಕಣ ನೋಡ್ಕೋರಿ.

ನಮ್ಮ ಕಡೆ ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ. ಸಂತೆಗೆ ಹೊರಟವರೂ ‘ಹೋಗಿ ಬರ್ತೀನಿ’ ಎನ್ನಲೇಬೇಕು. ಇದನ್ನು ಯಾಕೆ ಹೀಗೆ ಬರೆದೆ ಎಂದು ಆಗ ಅವಳನ್ನು ಕೇಳಿದ್ದೆ. “ಕರಡಿಗೆ ನಮ್ಮ ಪದ್ಧತಿ ಏನ್ ಗೊತ್ರಿ,” ಎಂದಿದ್ದಳು.

ಆರು ದಿನ ಆ ಸಾಲುಗಳನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟುಕೊಂಡು ಕೂತೆ. ಕಾಲಿನಿಂದ ತುಳಿದರೆ ತಾಳ ಸಿಗುತ್ತಿತ್ತು, ರಾಗ ಸಿಗುತ್ತಿರಲಿಲ್ಲ. ಏಳನೆಯ ದಿನ ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆದು ನೀರು ಹಾಕುವಾಗ, ರಾಗ ತಾನಾಗಿ ಬಂತು. ಎರಡೂ ಸಾಲು ಅದರಲ್ಲಿ ಸರಿಯಾಗಿ ಕೂತವು, ಅಳತೆ ತೆಗೆದು ಹೊಲಿದ ಹಾಗೆ. ನಾನು ತಂಬಿಗೆ ಹಿಡಿದು ಅಲ್ಲೇ ನಿಂತೆ. ಕಣ್ಣೀರು ಬಂತು. ಅವಳೇ ಕಳಿಸಿದಳು ಎಂದುಕೊಂಡೆ. ಇಷ್ಟು ವರ್ಷ ಪೆಟ್ಟಿಗೆ ಹೊತ್ತದ್ದು ವ್ಯರ್ಥವಾಗಲಿಲ್ಲ, ನನ್ನೊಳಗೂ ಏನೋ ಇದ್ದಿರಬೇಕು ಎಂದೂ ಸ್ವಲ್ಪ ಅನ್ನಿಸಿತು. ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೋದೆ.

ಮಕ್ಕಳ ಮುಂದೆ ನಿಂತು, ಕಣ್ಣು ಮುಚ್ಚಿ ಹಾಡಿದೆ. ಎರಡನೆಯ ಸಾಲಿಗೆ ಹಿಂದಿನಿಂದ ಒಂದಿಬ್ಬರು ದನಿಗೂಡಿಸಿದರು. ಎಷ್ಟು ಬೇಗ ಕಲಿತವು ಎಂದು ನನಗೆ ಸಂತೋಷವಾಯಿತು. ಕಣ್ಣು ತೆರೆದರೆ ಅವರು ಬೇರೆ ಮಾತು ಹಾಡುತ್ತಿದ್ದರು. ಹಸಿ ಕಸ ಒಂದು ಡಬ್ಬಿ, ಒಣ ಕಸ ಇನ್ನೊಂದು ಡಬ್ಬಿ.

“ಅಂಕಲ್,” ಎಂದಳು ಕರಡಿ, ಬಹಳ ಮೆತ್ತಗೆ, “ಇದು ಕಸದ ಗಾಡಿ ಹಾಡಲ್ಲೇನ್ರಿ?”

ಹೌದು. ದಿನಾ ಬೆಳಿಗ್ಗೆ ನಾನು ಅಂಗಡಿ ತೆರೆಯುವ ಹೊತ್ತಿಗೆ ಓಣಿಯಲ್ಲಿ ಬರುವ ಗಾಡಿಯ ಹಾಡು. ಸ್ವರ್ಗದಿಂದ ಬಂತೆಂದು ತಿಳಿದದ್ದು ಪುರಸಭೆಯಿಂದ ಬಂದಿತ್ತು. ಮಕ್ಕಳು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು. ನಿಲ್ಲಿಸದೆ ನಕ್ಕಿದ್ದರೇ ಚೆನ್ನಾಗಿತ್ತು.

“ರಾಗ ಇರಲಿಲ್ರಿ,” ಎಂದೆ ಟೀಚರಿಗೆ, ಮಕ್ಕಳೆಲ್ಲ ಕೇಳುವಂತೆಯೇ. “ಆಕಿ ಹಾಕಿರಲಿಲ್ಲ. ನಾನು ಸುಳ್ಳು ಹೇಳ್ದೆ.”

ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಮಕ್ಕಳನ್ನು ನೀರು ಕುಡಿಯಲು ಕಳಿಸಿದರು. “ನಾನೊಂದು ಹಾಕಿಟ್ಟೀನ್ರಿ. ನೀವು ಕೇಳ್ರಿ. ಬ್ಯಾಡ ಅಂದ್ರ ಹಾಡ್ಸೋದಿಲ್ಲ, ಮಾತಿನ್ಯಾಗ ಹೇಳಸ್ತೀನಿ. ನೀವು ಹೇಳಿದಂಗ.”

ಚೆನ್ನಾಗಿರದೇ ಇರಲಿ ಎಂದು ಬೇಡಿಕೊಳ್ಳುತ್ತ ಕೂತೆ. ಹಾಗಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಅವರು ಹಾಡಿದರು. ಚೆನ್ನಾಗಿತ್ತು. ಅವಳ ಹಾಡಿನ ಹಾಗೆ ಇರಲಿಲ್ಲ, ಅವಳು ಎಂದೂ ಅಷ್ಟು ಕೆಳಗಿನ ದನಿಯಲ್ಲಿ ಶುರು ಮಾಡುತ್ತಿರಲಿಲ್ಲ. ಆದರೆ ‘ಹೋಗ್ತೀನಿ’ ಎಂಬಲ್ಲಿ ಕರಡಿ ನಿಜವಾಗಿ ಎದ್ದು ನಿಂತ ಹಾಗಾಯಿತು. ಇಷ್ಟು ದಿನ ಆ ಮಾತನ್ನು ನಾನು ಓದಿದ್ದೆ. ಕೇಳಿದ್ದು ಆಗಲೇ. ಎಲ್ಲಿ ತಲೆ ಅಲ್ಲಾಡಿಸಬೇಕೆಂದು ಯಾರೂ ಹೇಳದಿದ್ದುದರಿಂದ ಕಲ್ಲಿನ ಹಾಗೆ ಕೂತಿದ್ದೆ.

“ಹೆಂಗೈತ್ರಿ?”

“ಚಂದ ಐತಿ. ಹಾಡಸ್ರಿ.”

“ಮನಸ್ಸಿನಿಂದ ಹೇಳ್ತೀರಿ?”

“ಇಲ್ರಿ. ಆದ್ರೂ ಹಾಡಸ್ರಿ. ಮನಸ್ಸು ಹಿಂದಿನ ಬಸ್ಸಿಗೆ ಬರತೈತಿ.”

ಅಲ್ಲಿಂದ ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಆಮಂತ್ರಣ ಅಚ್ಚಿಗೆ ಆ ಸಂಜೆ ಹರಪನಹಳ್ಳಿಗೆ ಹೋಗುವುದಿತ್ತು. ಸಂಗೀತ ಎಂಬಲ್ಲಿ ಎರಡು ಹೆಸರು ಬರೆಯಿರಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಎರಡನೇದು ನಿಮ್ಮದೇನ್ರಿ? ರಾಗ ನೀವು ಹಾಕೀರಿ ಅಂತ ಕೇಳ್ದೆ.”

ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. “ಹೊಸ ಟೀಚರ್ದು ಬರೀರಿ,” ಎಂದೆ. “ನನ್ನದು ವೇಷಭೂಷಣ ಅನ್ನೋ ಕಡಿ ಇರ್ಲಿ. ಸಂಗೀತದಿಂದ ಎಷ್ಟು ದೂರ ಆಗತೈತಿ ಅಷ್ಟು ದೂರ.”

ನಾಟಕ ಮುಂದಿನ ತಿಂಗಳು. ಐದು ಹಾಡಿನ ಅಭ್ಯಾಸಕ್ಕೆ ಒಳಗೇ ಕೂರುತ್ತೇನೆ. ಆರನೆಯದು ಶುರುವಾದರೆ ಈಗಲೂ ಏನೋ ಮರೆತವನಂತೆ ಎದ್ದು ಹೊರಗೆ ಹೋಗುತ್ತೇನೆ, ಮುಗಿದ ಮೇಲೆ ಬರುತ್ತೇನೆ. ಮಕ್ಕಳು ಇದನ್ನು ಗಮನಿಸಿದ್ದಾರೆ. ನಾಟಕದ ದಿನ ಮಾತ್ರ ಹೀಗೆ ನಡೆಯದು. ಕಂಬಳಿ ವೇಷದ ಗುಂಡಿಗಳು ಬೆನ್ನಿಗಿವೆ, ಹುಡುಗಿಯ ಕೈಗೆ ಎಟುಕುವುದಿಲ್ಲ. ಐದನೆಯ ಹಾಡಿನ ಕುಣಿತಕ್ಕೆ ಅವು ಬಿಚ್ಚಿಕೊಳ್ಳುತ್ತವೆ. ಪರದೆಯ ಹಿಂದೆ ನಿಂತು ಒಂದೊಂದಾಗಿ ಹಾಕಿ, ಕರಡಿಯನ್ನು ರಂಗದ ಮೇಲೆ ಕಳಿಸಬೇಕಾದವನು ನಾನೇ.